ದೊಡ್ಡ ಟರ್ಬೊ, ತೆಳು ಗಾಳಿ

ಕೊಲೊರಾಡೊದ ಬೆಟ್ಟಗಳಲ್ಲಿ ಭಾರ ಎಳೆಯುವವರು ಡೀಸೆಲ್ ದರದ ಬಗ್ಗೆ ಎಷ್ಟು ಮಾತಾಡುತ್ತಾರೋ ಗಾಳಿಯ ಬಗ್ಗೆಯೂ ಅಷ್ಟೇ ಮಾತಾಡುತ್ತಾರೆ. ಡೆನ್ವರ್ ನಗರವೇ ಸಮುದ್ರಮಟ್ಟದಿಂದ ಒಂದು ಮೈಲಿ ಮೇಲಿದೆ. ಅಲ್ಲಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿ ಹಿಡಿದು ಹೊರಟರೆ ಐಸೆನ್‌ಹೋವರ್ ಸುರಂಗದ ಬಾಯಿಗೆ ಬರುವ ಹೊತ್ತಿಗೆ 11,000 ಅಡಿ ದಾಟಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 6,300 ಅಡಿ ಚಿಲ್ಲರೆ. ಅದರ ನೆತ್ತಿಯ ಮೇಲೆ ಇನ್ನೊಂದು ಮುಕ್ಕಾಲು ಮುಳ್ಳಯ್ಯನಗಿರಿ ಇಟ್ಟರೆ ಎಷ್ಟೋ ಅಷ್ಟು ಎತ್ತರದಲ್ಲಿ ಲಾರಿಗಳು ಹಗಲೂ ರಾತ್ರಿ ಓಡಾಡುತ್ತವೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಎಂಜಿನ್ನು ಎಂದಿನಷ್ಟೇ ಗಾಳಿ ಎಳೆದುಕೊಳ್ಳುತ್ತದೆ, ಆದರೆ ಆ ಗಾಳಿಯೊಳಗಿನ ಆಮ್ಲಜನಕ ಮೂರನೇ ಒಂದು ಪಾಲು ಕಡಿಮೆ.

ನಮ್ಮ ಪಕ್ಕದ ಹೊಲದ ರೈತರ ಬಳಿ 1996ರ ಡಾಡ್ಜ್ ರ‍್ಯಾಮ್ ಪಿಕಪ್ ಇದೆ. ಸಾಲು ಆರು ಸಿಲಿಂಡರಿನ, 5.9 ಲೀಟರಿನ ಕಮ್ಮಿನ್ಸ್ ಎಂಜಿನ್. ಬೇಸಿಗೆಯಲ್ಲಿ ಒಣಹುಲ್ಲಿನ ಪೆಂಡಿಗಳನ್ನು ಟ್ರೇಲರಿನಲ್ಲಿ ಒಟ್ಟಿ, ಬೆಟ್ಟದಾಚೆ ಕುದುರೆ ಸಾಕುವವರಿಗೆ ಮುಟ್ಟಿಸಿ ಬರುವುದು ಆ ಗಾಡಿಯ ಕೆಲಸ. ಏರಿನ ಕೊನೆಯ ಕೆಲವು ಮೈಲಿಗಳಲ್ಲಿ ಅದು ಸೋಲುತ್ತಿತ್ತು. ಎಕ್ಸಾಸ್ಟಿನ ಶಾಖ ಏರುತ್ತಿತ್ತು, ಹೊಗೆ ಕಪ್ಪಾಗುತ್ತಿತ್ತು. ಆಗ ಅವರಿಗೆ ಗುಜರಿಯಲ್ಲೊಂದು ಟರ್ಬೊ ಸಿಕ್ಕಿತು. ಹದಿನೆಂಟು ಚಕ್ರದ ಲಾರಿಯೊಂದರ 10.8 ಲೀಟರಿನ ಕಮ್ಮಿನ್ಸ್ ಎಂ11 ಎಂಜಿನ್ನಿನಿಂದ ಬಿಚ್ಚಿದ್ದು. ನಾನು ಡೀಸೆಲ್ ಎಂಜಿನ್ನುಗಳ ಪರೀಕ್ಷೆಯ ಕೆಲಸದಲ್ಲಿ ಇದ್ದವನೆಂದು ಅವರಿಗೆ ಗೊತ್ತು. ಅದನ್ನು ತಂದು ನಮ್ಮ ಷೆಡ್ಡಿನ ಮೇಜಿನ ಮೇಲಿಟ್ಟು, "ದೊಡ್ಡದಿದ್ದಷ್ಟೂ ಗಾಳಿ ಹೆಚ್ಚು ಬರುತ್ತದೆ, ಅಲ್ಲವೇ?" ಎಂದರು.

ಈ ಪ್ರಶ್ನೆಗೆ ಹೌದು, ಇಲ್ಲ ಎಂದು ಹೇಳಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಟರ್ಬೊದಷ್ಟು ನಾನು ಪ್ರೀತಿಸುವ ಯಂತ್ರಭಾಗ ಇನ್ನೊಂದಿಲ್ಲ. ಡೀಸೆಲ್ ಸುಟ್ಟು ಬಂದ ಶಕ್ತಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಸೈಲೆನ್ಸರಿನಿಂದ ಆಕಾಶಕ್ಕೆ ಹೋಗುತ್ತದೆ. ಹಾಗೆ ಹೋಗುವ ಬಿಸಿ ಅನಿಲವನ್ನು ಬಾಗಿಲಲ್ಲೇ ತಡೆದು, ಒಂದು ಚಕ್ರ ತಿರುಗಿಸಿಕೊಟ್ಟು ಹೋಗು ಅನ್ನುವುದೇ ಟರ್ಬೊ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಹಿಡಿದು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಅಂಗೈಯಗಲದ ಆ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸು ತಿರುಗುತ್ತವೆ. ಆಗ ಶಾಫ್ಟನ್ನು ಹೊತ್ತಿರುವುದು ಎಣ್ಣೆಯ ತೆಳು ಪದರ. ಸ್ವಿಸ್ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಕಿ ಇದಕ್ಕೆ 1905ರಲ್ಲಿ ಪೇಟೆಂಟ್ ಪಡೆದ. ಡೀಸೆಲ್ ಎಂಜಿನ್ನಿನ ಮೇಲೆ ಅದು ಅವನ ಮನಸ್ಸಿಗೆ ಒಪ್ಪುವ ಫಲ ಕೊಡುವಷ್ಟರಲ್ಲಿ ಇಪ್ಪತ್ತು ವರ್ಷ ಹಿಡಿಯಿತು.

ಮೊದಲು ನೋಡಬೇಕಾದ್ದು ವಸ್ತು ಬದುಕಿದೆಯೋ ಇಲ್ಲವೋ ಎಂದು. ಗುಜರಿಯಿಂದ ಬಂದ ಟರ್ಬೊವನ್ನು ಓದುವುದು ನನಗೆ ತುಂಬ ಇಷ್ಟದ ಕೆಲಸ. ಶಾಫ್ಟನ್ನು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಆಡಿಸಿದರೆ ಸ್ವಲ್ಪ ಅಲ್ಲಾಡುತ್ತದೆ. ಅದಕ್ಕೆ ಹೆದರಬೇಕಿಲ್ಲ. ಬುಷ್ ಎಣ್ಣೆಯಲ್ಲಿ ತೇಲುವಂಥದ್ದು, ಎಣ್ಣೆ ಒಣಗಿರುವಾಗ ಆ ಸಂದು ಕೈಗೆ ಸಿಗಲೇಬೇಕು. ಆದರೆ ಉದ್ದಕ್ಕೆ ಎಳೆದು ತಳ್ಳಿದಾಗ ಆಟ ಸಿಕ್ಕರೆ ಥ್ರಸ್ಟ್ ಬೇರಿಂಗ್ ತೀರಿತೆಂದೇ ಅರ್ಥ. ರೆಕ್ಕೆಗಳ ಅಂಚು ಕವಚಕ್ಕೆ ಉಜ್ಜಿದ ಗುರುತು ಇದೆಯೇ, ಗಾಳಿ ಸೇರುವ ಕಡೆಯ ಅಲ್ಯೂಮಿನಿಯಂ ರೆಕ್ಕೆಯ ಮೂತಿ ಮರಳು ತಿಂದು ಮೊಂಡಾಗಿದೆಯೇ, ಎಣ್ಣೆ ಇಳಿಯುವ ತೂತಿನಲ್ಲಿ ಸುಟ್ಟ ಎಣ್ಣೆಯ ಕರಿ ಗಟ್ಟಿಯಾಗಿ ಕೂತಿದೆಯೇ, ಬೀಡಿನ ಕವಚದ ನಡುಗೋಡೆ ಬಿರುಕು ಬಿಟ್ಟಿದೆಯೇ, ಇದನ್ನೆಲ್ಲ ಟಾರ್ಚ್ ಹಿಡಿದು ನೋಡಬೇಕು. ಈ ಟರ್ಬೊದ ನಡುಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅಷ್ಟು ಕಾಯುವ ಬೀಡಿನಲ್ಲಿ ಅದು ಸಾಮಾನ್ಯ. ಉಳಿದದ್ದೆಲ್ಲ ಚೆನ್ನಾಗಿತ್ತು. ಆ ಲಾರಿಯ ಡ್ರೈವರು ದೂರದ ದಾರಿ ಮುಗಿಸಿ ಬಂದಾಗಲೆಲ್ಲ ಎಂಜಿನ್ನನ್ನು ಕೂಡಲೇ ಆರಿಸದೆ, ಎರಡು ನಿಮಿಷ ನಿಧಾನ ಓಡಲು ಬಿಟ್ಟು ಟರ್ಬೊ ತಣಿಸುತ್ತಿದ್ದನೆಂದು ಕಾಣುತ್ತದೆ. ಎಣ್ಣೆಯ ದಾರಿ ಅಷ್ಟು ಸ್ವಚ್ಛವಾಗಿತ್ತು. ಮುಖ ನೋಡದ ಒಬ್ಬ ಮನುಷ್ಯನ ಬಗ್ಗೆ ನನಗೆ ಗೌರವ ಹುಟ್ಟಿತು.

ಇನ್ನು ಅಳತೆ. ಗಾಳಿ ಒಳಸೇರುವ ಚಕ್ರದ ಬಾಯಿಗೆ ವರ್ನಿಯರ್ ಹಿಡಿದರೆ 67 ಮಿಲಿಮೀಟರ್ ಬಂತು. ಪಿಕಪ್ಪಿನಲ್ಲಿದ್ದ ಕಂಪನಿ ಟರ್ಬೊ ಹೋಲ್ಸೆಟ್ ಎಚ್ಎಕ್ಸ್35. ಅದರ ಬಾಯಿ 54. ಹದಿಮೂರು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಬಾಯಿಯ ವಿಸ್ತೀರ್ಣ ಒಂದೂವರೆ ಪಟ್ಟಾಯಿತು. ಅದಕ್ಕಿಂತ ದೊಡ್ಡ ಮಾತು ಜಡತ್ವದ್ದು. ಒಂದೇ ಆಕಾರದ ಚಕ್ರಗಳಲ್ಲಿ, ತಿರುಗಿಸಲು ಎದುರಾಗುವ ಜಡತ್ವ ವ್ಯಾಸದ ಐದನೇ ಘಾತದಲ್ಲಿ ಬೆಳೆಯುತ್ತದೆ. 67ನ್ನು 54ರಿಂದ ಭಾಗಿಸಿ ಐದು ಸಲ ಗುಣಿಸಿ ನೋಡಿ, ಹೆಚ್ಚುಕಡಿಮೆ ಮೂರು ಬರುತ್ತದೆ. ಕಾಲು ಪಾಲು ಹಿಗ್ಗಿದ ಚಕ್ರವನ್ನು ಎಬ್ಬಿಸಲು ಮೂರು ಪಟ್ಟು ಶ್ರಮ ಬೇಕು. ಹೊಲದಿಂದ ರಸ್ತೆಗೆ ಹತ್ತುವಾಗ, ಎಂಜಿನ್ನು ಇನ್ನೂ ಸಾವಿರದ ಇನ್ನೂರು ಸುತ್ತಿನಲ್ಲಿರುವಾಗ, ಆ ಚಕ್ರವನ್ನು ಇದರ ಕೈಗೆ ಕೊಡುವುದೆಂದರೆ ದೊಡ್ಡ ಮನೆತನದ ಬೀಸುಕಲ್ಲಿಗೆ ಎಂಟು ವರ್ಷದ ಹುಡುಗಿಯನ್ನು ಕೂರಿಸಿದಂತೆ. ಕಲ್ಲು ತಿರುಗುವುದೇನೋ ಹೌದು, ಹಿಟ್ಟು ಬೀಳುವ ಹೊತ್ತಿಗೆ ಊಟದ ಸಮಯ ಮೀರಿರುತ್ತದೆ.

ಅವರು ಇದನ್ನು ಒಪ್ಪಲಿಲ್ಲ. ತಡವಾದರೂ ಪರವಾಗಿಲ್ಲ, ಮೇಲೆ ಹೋದ ಮೇಲಾದರೂ ಗಾಳಿ ಸಿಗುತ್ತದಲ್ಲ ಎಂದರು. ನ್ಯಾಯವಾದ ಮಾತು. ಅದಕ್ಕೆ ಉತ್ತರ ಎಂಜಿನ್ನಿನ ಉಸಿರಿನ ಲೆಕ್ಕದಲ್ಲಿದೆ, ಅದನ್ನು ಸೀಮೆಸುಣ್ಣದಲ್ಲಿ ಷೆಡ್ಡಿನ ನೆಲದ ಮೇಲೆಯೇ ಬರೆದೆವು.

ನಾಲ್ಕು ಸ್ಟ್ರೋಕಿನ ಎಂಜಿನ್ನು ಎರಡು ಸುತ್ತಿಗೆ ಒಮ್ಮೆ ತನ್ನ ಹೊಟ್ಟೆ ತುಂಬಿಕೊಳ್ಳುತ್ತದೆ. ಪಿಕಪ್ಪಿನ ಎಂಜಿನ್ನಿನ ಸರಿಯಾದ ಗಾತ್ರ 5.88 ಲೀಟರ್. 2,500 ಸುತ್ತಿನಲ್ಲಿ ನಿಮಿಷಕ್ಕೆ 1,250 ಸಲ, ಅಂದರೆ ಸುಮಾರು 7,350 ಲೀಟರ್. ಈ ಟರ್ಬೊ ಹುಟ್ಟಿದ್ದು 10.8 ಲೀಟರಿಗಾಗಿ. ಆ ಲಾರಿ ಹೆದ್ದಾರಿಯಲ್ಲಿ 1,800 ಸುತ್ತಿನಲ್ಲಿ ದುಡಿಯುವಾಗ ನಿಮಿಷಕ್ಕೆ 900 ಸಲ, 9,720 ಲೀಟರ್. ಪಿಕಪ್ಪು ತನ್ನ ಗರಿಷ್ಠ ಓಟದಲ್ಲಿ ಅದರ ಮುಕ್ಕಾಲು ಭಾಗ ಮುಟ್ಟುತ್ತದೆ. ಇಲ್ಲಿಯವರೆಗೆ ಅವರ ವಾದ ನಿಲ್ಲುತ್ತದೆ. ಆದರೆ ಭಾರ ಎಳೆದು ಏರು ಹತ್ತುವ ಗಾಡಿ 2,500ರಲ್ಲಿ ಇರುವುದಿಲ್ಲ. ಈ ಎಂಜಿನ್ನಿನ ಪೂರ್ತಿ ಎಳೆತ ಇರುವುದೇ 1,600 ಸುತ್ತಿನ ಸುತ್ತಮುತ್ತ. ಅಲ್ಲಿ ನಿಮಿಷಕ್ಕೆ 800 ಸಲ, 4,700 ಲೀಟರ್. ಟರ್ಬೊ ಎದುರು ನೋಡುವುದರ ಅರ್ಧಕ್ಕೂ ಸ್ವಲ್ಪ ಕಡಿಮೆ.

ಅರ್ಧ ಸಿಕ್ಕರೆ ಅರ್ಧ ಕೆಲಸವಾದರೂ ಆಗುತ್ತದೆ ಅಂದುಕೊಳ್ಳುವ ಹಾಗಿಲ್ಲ. ಕಂಪ್ರೆಸರಿಗೆ ಒಂದು ನಕ್ಷೆ ಇರುತ್ತದೆ. ಅಡ್ಡಕ್ಕೆ ಗಾಳಿಯ ಹರಿವು, ಉದ್ದಕ್ಕೆ ಒತ್ತಡದ ಪಟ್ಟು. ಅದರ ನಡುವೆ ದ್ವೀಪಗಳ ಹಾಗೆ ಒಂದರೊಳಗೊಂದು ಗೆರೆಗಳು. ಒಳಗಿನ ದ್ವೀಪದಲ್ಲಿದ್ದರೆ ಕಡಿಮೆ ಕಾವಿನಲ್ಲಿ ಹೆಚ್ಚು ಗಾಳಿ. ಎಡದಂಚಿನಲ್ಲಿ ಓರೆಯಾಗಿ ಹತ್ತುವ ಗೆರೆ ಸರ್ಜ್ ಗೆರೆ. ಒತ್ತಡ ಹೆಚ್ಚಿದ್ದು ಹರಿವು ಸಾಲದೆ ಹೋದಾಗ ಆ ಗೆರೆಯ ಆಚೆ ಬೀಳುತ್ತೇವೆ. ಆಗ ಗಾಳಿ ರೆಕ್ಕೆಗಳನ್ನು ಬಿಟ್ಟು ಜಾರುತ್ತದೆ, ಒತ್ತಿಟ್ಟ ಗಾಳಿ ಹಿಂದಕ್ಕೆ ನುಗ್ಗುತ್ತದೆ, ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಹೊರಗೆ ನಿಂತವರಿಗೆ ಅದು ಕೆಮ್ಮಿನಂತೆ, ಬೊಗಳಿನಂತೆ ಕೇಳುತ್ತದೆ. ಕೆಲವು ಹುಡುಗರು ಆ ಸದ್ದಿಗಾಗಿಯೇ ದೊಡ್ಡ ಟರ್ಬೊ ಕೂರಿಸುತ್ತಾರೆ. ಒಂದೊಂದು ಸದ್ದಿಗೂ ಥ್ರಸ್ಟ್ ಬೇರಿಂಗಿಗೆ ಸುತ್ತಿಗೆ ಏಟು ಬೀಳುತ್ತಿದೆ ಎಂದು ಅವರಿಗೆ ಯಾರಾದರೂ ಪ್ರೀತಿಯಿಂದ ಹೇಳಬೇಕು. ನಮ್ಮ 1,600 ಸುತ್ತಿನ ಬಿಂದುವನ್ನು ಅಂಥ ದೊಡ್ಡ ಕಂಪ್ರೆಸರಿನ ನಕ್ಷೆಯ ಮೇಲೆ ಗುರುತು ಮಾಡಿದರೆ ಅದು ಸರ್ಜ್ ಗೆರೆಗೆ ತಾಗಿಕೊಂಡು ಕೂರುತ್ತದೆ. ಅದೂ ಅಷ್ಟು ಒತ್ತಡ ಎದ್ದರೆ. ಬಿಸಿ ಅನಿಲ ಹೊಗುವ ಕವಚದ ಗಂಟಲೂ ದೊಡ್ಡದಾದ್ದರಿಂದ ಈ ಎಂಜಿನ್ನಿನ ಅನಿಲ ವೇಗ ಹಿಡಿಯದೆ ಸುಮ್ಮನೆ ದಾಟಿಹೋಗುತ್ತದೆ. ಹೋಲ್ಸೆಟ್‌ನವರು ಆ ಗಂಟಲನ್ನು ಚದರ ಸೆಂಟಿಮೀಟರಿನಲ್ಲಿ ಹೇಳುತ್ತಾರೆ. 1994ರ ನಂತರದ ಈ ಪಿಕಪ್ಪುಗಳಿಗೆ ಕೊಟ್ಟದ್ದು 12ರದ್ದು. ಕಡಿಮೆ ಸುತ್ತಿನಲ್ಲೇ ಬೇಗ ಏಳಲಿ ಎಂದು ಗಂಟಲನ್ನು ಬಿಗಿಯಾಗಿಟ್ಟು, ಹೆಚ್ಚಾದ ಅನಿಲ ಪಕ್ಕದಿಂದ ಹೋಗಲು ವೇಸ್ಟ್‌ಗೇಟ್ ಎಂಬ ಕಿರುಬಾಗಿಲು ಇಟ್ಟಿದ್ದಾರೆ. ಯೋಚಿಸಿ ಮಾಡಿದ ಕೆಲಸ ಅದು.

ಗಾಳಿ ಸಾಲದಿದ್ದರೆ ಏನಾಗುತ್ತದೆಂಬುದು ನಮ್ಮ ಕಡೆಯವರಿಗೆ ಪುಸ್ತಕ ಓದಿ ತಿಳಿಯಬೇಕಿಲ್ಲ. ನಮ್ಮ ತಂದೆ ಹಾಸನದಿಂದ ಮಂಗಳೂರಿಗೆ ಟಾಟಾ ಲಾರಿ ಹೊಡೆಯುತ್ತಿದ್ದರು. ಟರ್ಬೊ ಇಲ್ಲದ ಕಾಲದ ಗಾಡಿ. ವಾಪಸು ಬರುವಾಗ ಶಿರಾಡಿ ಘಾಟಿಯಲ್ಲಿ ಫಸ್ಟ್ ಗೇರಿನಲ್ಲಿ ಗಂಟೆಗಟ್ಟಲೆ ಏರುತ್ತಿದ್ದ ಲಾರಿಗಳ ಸಾಲು, ಅವುಗಳ ಮೇಲೆ ಮರಗಳ ಎಲೆ ಮಸಿಯಾಗುವಷ್ಟು ಹೊಗೆ. "ಹೊಗೆ ಅಂದ್ರೆ ನಮ್ಮ ದುಡ್ಡು ಕಣೋ" ಎನ್ನುತ್ತಿದ್ದರು ಅಪ್ಪ. ಡೀಸೆಲ್ ಎಂಜಿನ್ನಿನ ವಿಜ್ಞಾನ ಅರ್ಧ ಆ ಮಾತಿನಲ್ಲೇ ಇದೆ. ಅಲ್ಲಿ ಗಾಳಿಗೆ ತಡೆಬಾಗಿಲಿಲ್ಲ, ಆಕ್ಸಿಲರೇಟರು ನಿಯಂತ್ರಿಸುವುದು ಡೀಸೆಲನ್ನು ಮಾತ್ರ. ಗಾಳಿ ಮೀರಿ ಡೀಸೆಲ್ ಸುರಿದರೆ ಪೂರ್ತಿ ಉರಿಯಲಾರದ ಇಂಗಾಲ ಮಸಿಯಾಗಿ ಹೊರಗೆ, ಅಳತೆ ಮೀರಿದ ಶಾಖ ಪಿಸ್ಟನ್ನಿನ ತಲೆಗೆ. ಮುಂದೆ ಮೂತಿಯ ಮೇಲೆ ಟರ್ಬೊ ಎಂದು ದಪ್ಪಕ್ಷರದಲ್ಲಿ ಬರೆಸಿಕೊಂಡ ಲಾರಿಗಳು ಬಂದವು. ಅದೇ ಘಾಟಿಯನ್ನು ಅವು ಒಂದು ಗೇರು ಮೇಲಿಟ್ಟುಕೊಂಡೇ ಹತ್ತಿದವು. 1993ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾ ಕಮ್ಮಿನ್ಸ್ ಕಂಪನಿ ಶುರುವಾದ ಮೇಲೆ ನಮ್ಮ ಟಾಟಾ ಲಾರಿಗಳಿಗೆ ಬಂದ 5.9 ಲೀಟರಿನ ಎಂಜಿನ್ನೂ ಈ ಡಾಡ್ಜ್ ಪಿಕಪ್ಪಿನ ಎಂಜಿನ್ನೂ ಒಂದೇ ಮನೆತನದವು. ಮೊದಲ ಸಲ ಪಕ್ಕದವರ ಬಾನೆಟ್ ಎತ್ತಿದಾಗ ಅದರ ಸದ್ದು ನನಗೆ ಹೊಸದಾಗಿರಲಿಲ್ಲ.

ಅಮೆರಿಕದಲ್ಲಿ ಪಿಕಪ್ಪುಗಳಿಂದ ಬೇಕೆಂದೇ ಕರಿಹೊಗೆ ಉಗುಳಿಸುವ ಒಂದು ಚಟ ಇದೆ. ಕೊಲೊರಾಡೊ 2017ರಲ್ಲಿ ಅದನ್ನು ಕಾನೂನು ಮಾಡಿ ತಡೆಯಿತು. ಒಳ್ಳೆಯದಾಯಿತು. ಘಾಟಿಯ ಹೊಗೆಯಲ್ಲಿ ಆಯುಷ್ಯ ಕಳೆದ ಡ್ರೈವರ ಮಗನಾಗಿ ಆ ಚಟವನ್ನು ನಾನು ಸಹಿಸಲಾರೆ. ಹೊಗೆ ಶಕ್ತಿಯ ಗುರುತಲ್ಲ, ಗಾಳಿಯ ಬಡತನದ ಗುರುತು.

ಹಾಗಾದರೆ ಮೇಜಿನ ಮೇಲಿನ ದೊಡ್ಡ ಟರ್ಬೊ ಮರಳಿ ಗುಜರಿಗೆ ಹೋಗಬೇಕೇ? ಬಯಲುಸೀಮೆಯ ರೈತರಾಗಿದ್ದರೆ ಹೌದು ಎನ್ನುತ್ತಿದ್ದೆ. ಇಲ್ಲಿ ಲೆಕ್ಕ ಬೇರೆ, ಏಕೆಂದರೆ ಎತ್ತರ ಬೇರೆ.

ಡ್ಯಾಷ್‌ಬೋರ್ಡಿನ ಬೂಸ್ಟ್ ಗೇಜು ಹೇಳುವುದು ಹೊರಗಿನ ಗಾಳಿಗಿಂತ ಒಳಗಿನ ಒತ್ತಡ ಎಷ್ಟು ಹೆಚ್ಚು ಎಂದು. ಸಮುದ್ರದ ಪಕ್ಕದಲ್ಲಿ ಗೇಜು 20 ಪಿಎಸ್‌ಐ ತೋರಿಸಿದರೆ ಎಂಜಿನ್ನಿಗೆ ಸಿಗುವುದು 14.7 ಕೂಡಿ 34.7. ಟರ್ಬೊ ಗಾಳಿಯನ್ನು 2.4 ಪಟ್ಟು ಒತ್ತಿದೆ. ಸುರಂಗದ ಬಳಿ ಹೊರಗಿನ ಒತ್ತಡವೇ ಸುಮಾರು 9.7. ಅಲ್ಲಿ ಅದೇ 34.7 ಬೇಕೆಂದರೆ 3.6 ಪಟ್ಟು ಒತ್ತಬೇಕು. ಚಿಕ್ಕ ಟರ್ಬೊ ತನ್ನ ದ್ವೀಪಗಳನ್ನೆಲ್ಲ ಬಿಟ್ಟು ನಕ್ಷೆಯ ತುದಿಗೆ ಓಡುತ್ತದೆ. ಸುತ್ತು ಮಿತಿ ಮೀರುತ್ತದೆ, ಒತ್ತಿದ ಗಾಳಿ 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಕಾಯುತ್ತದೆ. ಕಾದ ಗಾಳಿ ಹಿಗ್ಗಿದ ಗಾಳಿ, ಒತ್ತಿದ ಲಾಭದ ಒಂದಷ್ಟು ಅಲ್ಲೇ ಸೋರಿತು. ಇವರ ಗಾಡಿ ಸೋಲುತ್ತಿದ್ದುದು ಇಲ್ಲೇ, ಕೊನೆಯ ಕೆಲವು ಮೈಲಿಗಳಲ್ಲಿ.

ಈ ತೊಂದರೆಗೆ ಇದೇ ಕೊಲೊರಾಡೊದಲ್ಲಿ ನೂರು ವರ್ಷಕ್ಕೂ ಹಿಂದೆ ಒಬ್ಬರು ಉತ್ತರ ಹುಡುಕಿದ್ದರು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್, ಮೊದಲ ಮಹಾಯುದ್ಧದ ಕೊನೆಯ ವರ್ಷ 1918ರಲ್ಲಿ, ವಿಮಾನದ ಲಿಬರ್ಟಿ ಎಂಜಿನ್ನನ್ನು ಲಾರಿಯ ಮೇಲೆ ಕಟ್ಟಿ 14,000 ಅಡಿ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಸಾಗಿಸಿದರು. ತಗ್ಗಿನಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ನು ಅಲ್ಲಿ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದಾಗ 356 ಕೊಟ್ಟಿತು. ಹಾರಿ ನೋಡಬೇಕಾದ ಎತ್ತರವನ್ನು ರಸ್ತೆಯಲ್ಲಿ ಹತ್ತಿ ನೋಡಿದ ಆ ಬುದ್ಧಿಗೆ ನಾನು ಕೈ ಮುಗಿಯುತ್ತೇನೆ. ನಮ್ಮ ಹೊಲದ ಬದುವಿನ ಮೇಲೆ ನಿಂತರೆ, ಮೋಡವಿಲ್ಲದ ದಿನ ದಕ್ಷಿಣಕ್ಕೆ ಆ ಶಿಖರ ಕಾಣುತ್ತದೆ. ಕೆಲಸದ ನಡುವೆ ಪಕ್ಕದವರಿಗೆ ಅದನ್ನು ತೋರಿಸಿ ಈ ಕಥೆ ಹೇಳಿದೆ. ಹುಟ್ಟಿದಾಗಿನಿಂದ ಆ ಬೆಟ್ಟ ನೋಡುತ್ತ ಬಂದವರು, ಕೇಳಿ ಬಹಳ ಹೊತ್ತು ಸುಮ್ಮನಿದ್ದರು.

ಉತ್ತರ ಇರುವುದು ಎರಡನ್ನೂ ಇಟ್ಟುಕೊಳ್ಳುವುದರಲ್ಲಿ. ಹೊರಗಿನ ತೆಳು ಗಾಳಿಯನ್ನು ಮೊದಲು ದೊಡ್ಡ ಟರ್ಬೊ 1.9 ಪಟ್ಟು ಒತ್ತಿ ಚಿಕ್ಕದಕ್ಕೆ ಕೊಡುತ್ತದೆ. ಚಿಕ್ಕದು ಅದನ್ನು ಇನ್ನೊಮ್ಮೆ 1.9 ಪಟ್ಟು ಒತ್ತಿ ಎಂಜಿನ್ನಿಗೆ ಕೊಡುತ್ತದೆ. ಪಟ್ಟುಗಳು ಕೂಡುವುದಿಲ್ಲ, ಗುಣಿಸುತ್ತವೆ: 3.6. ಎರಡೂ ತಮ್ಮ ತಮ್ಮ ನಕ್ಷೆಯ ಒಳ ದ್ವೀಪದಲ್ಲಿ ಆರಾಮವಾಗಿರುತ್ತವೆ. 1,600 ಸುತ್ತಿನಲ್ಲಿ ದೊಡ್ಡದು ಸರ್ಜಿಗೆ ಬೀಳುವ ಭಯವೂ ತಗ್ಗುತ್ತದೆ, ಏಕೆಂದರೆ ಅದರಿಂದ ನಾವು ಕೇಳುತ್ತಿರುವ ಒತ್ತಡ ಅರ್ಧ. ಬಿಸಿ ಅನಿಲದ ದಾರಿ ತಿರುವುಮುರುವು. ಅದು ಮೊದಲು ಚಿಕ್ಕ ಟರ್ಬೊವನ್ನು ಎಬ್ಬಿಸಿ ಆಮೇಲೆ ದೊಡ್ಡದಕ್ಕೆ ಹೋಗುತ್ತದೆ. ಹೊಲದಿಂದ ರಸ್ತೆಗೆ ಹತ್ತುವಾಗ ಚಿಕ್ಕದೇ ದುಡಿಯುತ್ತದೆ, ಎತ್ತರಕ್ಕೆ ಹೋದಂತೆ ದೊಡ್ಡದು ಹೆಗಲು ಕೊಡುತ್ತದೆ.

ಇನ್ನೊಂದು ಅನುಕೂಲವೂ ಇತ್ತು. ಈ ಎಂಜಿನ್ನಿನಲ್ಲಿ ಸಿಲಿಂಡರುಗಳು ಹೊತ್ತುವ ಕ್ರಮ 1, 5, 3, 6, 2, 4. ಮುಂದಿನ ಮೂರರಲ್ಲೊಂದು, ಹಿಂದಿನ ಮೂರರಲ್ಲೊಂದು, ಸರದಿ ತಪ್ಪದೆ. ಅದಕ್ಕೇ ಟರ್ಬೊ ಕವಚದಲ್ಲಿ ನಡುಗೋಡೆ ಇಟ್ಟು ಎರಡು ದಾರಿ ಮಾಡಿರುವುದು. ಒಂದು ಕಡೆಯ ಬಡಿತ ಇನ್ನೊಂದು ಕಡೆಯ ಉಸಿರಿಗೆ ಅಡ್ಡ ಬರುವುದಿಲ್ಲ. ಆ ಬಡಿತಗಳ ಬಲವೆಲ್ಲ ಚಿಕ್ಕ ಟರ್ಬೊದಲ್ಲೇ ಖರ್ಚಾಗಿ, ದೊಡ್ಡದಕ್ಕೆ ಬರುವ ಹೊತ್ತಿಗೆ ಅನಿಲ ಒಂದೇ ಹರಿವಾಗಿರುತ್ತದೆ. ಹಾಗಾಗಿ ದೊಡ್ಡದರ ನಡುಗೋಡೆಯಲ್ಲಿದ್ದ ಬಿರುಕಿನಿಂದ ಈ ಜಾಗದಲ್ಲಿ ಹೆಚ್ಚಿನ ನಷ್ಟವಿಲ್ಲ.

ಕೂರಿಸುವ ಕೆಲಸದಲ್ಲಿ ಬಹುಪಾಲು ಸಮಯ ಪೈಪಿಗೆ ಹೋಯಿತು. ಎಣ್ಣೆ ಇಳಿಯುವ ಕೊಳವೆಯ ಬಗ್ಗೆ ಮಾತ್ರ ನಾನು ಹಟ ಮಾಡಿದೆ. ಟರ್ಬೊಗೆ ಎಣ್ಣೆ ಒತ್ತಡದಲ್ಲಿ ಬರುತ್ತದೆ, ಹೋಗುವುದು ಬರೀ ತನ್ನ ತೂಕದಿಂದ. ಕೊಳವೆ ದಪ್ಪವಿರಬೇಕು, ಎಲ್ಲೂ ಬಗ್ಗಿ ಮೇಲೇಳದೆ ನೇರ ಕೆಳಗೆ ಇಳಿಯಬೇಕು. ಇಲ್ಲದಿದ್ದರೆ ಎಣ್ಣೆ ಒಳಗೇ ನಿಂತು ಸೀಲು ದಾಟುತ್ತದೆ, ಜನ ಟರ್ಬೊ ಹೋಯಿತು ಎನ್ನುತ್ತಾರೆ. ಗಾಳಿ ಒಳಬರುವ ಬಾಯನ್ನೂ ತಗ್ಗಿನಲ್ಲಿ ಇಡಬಾರದು. 1952ರಲ್ಲಿ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಕಮ್ಮಿನ್ಸ್‌ನವರ ಡೀಸೆಲ್ ಕಾರು ಮೊದಲ ಸ್ಥಾನದಿಂದ ಹೊರಟಿತ್ತು. ಓಡಿಸಿದವರು ಫ್ರೆಡ್ ಅಗಬಾಷಿಯನ್. ನೆಲದ ಹತ್ತಿರವಿದ್ದ ಟರ್ಬೊ ಬಾಯಿಗೆ ಟಯರಿನ ರಬ್ಬರ್ ಪುಡಿ ಮೆತ್ತಿಕೊಂಡು, ರೇಸು ಅರ್ಧ ಮುಗಿಯುವ ಮೊದಲೇ ಅದು ನಿಂತುಹೋಯಿತು. ಹುಲ್ಲಿನ ಹೊಟ್ಟು ಹಾರುವ ಹೊಲದಲ್ಲಿ ಈ ಪಾಠ ಮರೆಯುವಂತಿಲ್ಲ. ಬಾಯನ್ನು ಬಾನೆಟ್ಟಿನ ಅಂಚಿಗೆ ಎತ್ತಿ, ಲಾರಿಗೆ ಹಾಕುವ ಅಳತೆಯ ಏರ್ ಫಿಲ್ಟರ್ ಕೂರಿಸಿದೆವು.

ಒಂದು ಷರತ್ತು ಹಾಕಿದ್ದೆ: ಬಾಷ್ ಪಂಪಿನ ಡೀಸೆಲ್ ತಿರುಪನ್ನು ಮುಟ್ಟಬಾರದು. ಪಂಪಿನ ನೆತ್ತಿಯಲ್ಲೊಂದು ಡಯಾಫ್ರಾಂ ಇದೆ. ಬೂಸ್ಟ್ ಎಷ್ಟು ಎದ್ದಿದೆಯೆಂದು ನೋಡಿಕೊಂಡೇ ಅದು ಡೀಸೆಲನ್ನು ಬಿಡುತ್ತದೆ, ಗಾಳಿ ಬರುವ ಮೊದಲು ಡೀಸೆಲ್ ನುಗ್ಗದಂತೆ ಕಾಯುತ್ತದೆ. ಹೆಚ್ಚು ಗಾಳಿ ಸಿಕ್ಕಿತೆಂದು ಹೆಚ್ಚು ಡೀಸೆಲ್ ಸುರಿದರೆ ಸಿಲಿಂಡರಿನ ಒತ್ತಡ ಏರಿ ಹೆಡ್ ಗ್ಯಾಸ್ಕೆಟ್ಟು ಕೇಳಿಕೊಳ್ಳುತ್ತದೆ. ಚಿಕ್ಕದರ ವೇಸ್ಟ್‌ಗೇಟನ್ನೂ ಸ್ವಲ್ಪ ಬೇಗ ತೆರೆಯುವಂತೆ ಮಾಡಿದೆವು. ಹೊಸದಾಗಿ ಶಕ್ತಿ ಸೇರಿಸುವುದು ನಮ್ಮ ಉದ್ದೇಶವಲ್ಲ. ತಗ್ಗಿನಲ್ಲಿ ಇದ್ದ ಶಕ್ತಿ ಎತ್ತರದಲ್ಲೂ ಉಳಿದರೆ ಸಾಕು. ಅವರು ಒಪ್ಪಿದರು. ಕೊಂಚ ಆಸೆಯಿಂದ ಆ ತಿರುಪಿನ ಕಡೆ ನೋಡಿದರು, ಆದರೆ ಒಪ್ಪಿದರು.

ಅರ್ಧ ಲೋಡು ಹೇರಿಕೊಂಡು ಸುರಂಗದವರೆಗೆ ಹೋಗಿ ಬಂದೆವು. ಮೊದಲು ಅದೇ ಲೋಡಿಗೆ ಅದೇ ಏರಿನಲ್ಲಿ ಎಕ್ಸಾಸ್ಟ್ ಶಾಖ 1,300 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿತ್ತು. ಅಲ್ಲಿಂದ ಮೇಲೆ ಹೆಚ್ಚು ಹೊತ್ತು ಓಡಿಸಿದರೆ ಅಲ್ಯೂಮಿನಿಯಂ ಪಿಸ್ಟನ್ನಿಗೆ ಕೇಡು. ಈಗ ಮುಳ್ಳು 1,100ರ ಮೇಲೆ ಸ್ವಲ್ಪ ಆಡಿ ಅಲ್ಲೇ ನಿಂತಿತು. ಕನ್ನಡಿಯಲ್ಲಿ ಹಿಂದಿನ ರಸ್ತೆ ತಿಳಿಯಾಗಿ ಕಾಣುತ್ತಿತ್ತು. ಬಾಕಿ ಇರುವುದು ಇಳಿಜಾರಿನ ವಿಚಾರ. ಎಕ್ಸಾಸ್ಟ್ ಬ್ರೇಕಿನ ಕವಾಟ ಮೊದಲು ಚಿಕ್ಕ ಟರ್ಬೊದ ಬೆನ್ನಿಗಿತ್ತು. ಈಗ ಅದು ದೊಡ್ಡದರ ಬೆನ್ನಿಗೆ ಹೋಗಬೇಕು, ಅದರ ಬಾಯಿ ಅಗಲವಾದ್ದರಿಂದ ಹೊಸ ಫ್ಲೇಂಜನ್ನೇ ಲೇತಿನಲ್ಲಿ ಕಡೆಸಬೇಕು. ಅದು ಕೂರುವ ತನಕ ಪೂರ್ತಿ ಲೋಡು ಹೇರುವುದಿಲ್ಲವೆಂದು ಮಾತಾಗಿದೆ. ಹುಲ್ಲಿನ ಮೊದಲ ಕೊಯ್ಲಿಗೆ ಮುಂಚೆ ಮುಗಿಸಬೇಕು.